ನಿಧಾನವೇ ಪ್ರಧಾನ, ಕಡಲಲ್ಲೂ

'ಸೊಕ್ಕಿದ್ದವನು ಯಾಣಕ್ಕೆ ಹೋಗ್ತಾನೆ, ರೊಕ್ಕ ಇದ್ದವನು ಗೋಕರ್ಣಕ್ಕೆ ಹೋಗ್ತಾನೆ' ಅಂತ ಉತ್ತರ ಕನ್ನಡದಲ್ಲಿ ಒಂದು ಗಾದೆ. ರಸ್ತೆಯಿಲ್ಲದ ಕಾಲದಲ್ಲಿ ಆ ಕಾಡು ಹೊಕ್ಕು ವಾಪಸ್ ಬರೋಕೆ ಮೈಯಲ್ಲಿ ಕಸುವು ಬೇಕಿತ್ತು, ಅದಕ್ಕೇ ಈ ಮಾತು. ಈಗ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಸ್ಲೀಪರ್ ಬಸ್ಸಿಗೆ ಒಂದು ಟಿಕೆಟ್ ಇದ್ದರೆ ಸಾಕು. ಶನಿವಾರ ಯಾಣ, ಭಾನುವಾರ ಕುಮಟಾದ ಬೀಚು, ಸೋಮವಾರ ಬೆಳಿಗ್ಗೆ ಕಣ್ಣುಜ್ಜಿಕೊಂಡು ಆಫೀಸಿನ ಮೀಟಿಂಗು.

ಯಾಣದಲ್ಲಿ ಎಲ್ಲರೂ ತಲೆಯೆತ್ತಿ ಭೈರವೇಶ್ವರ ಶಿಖರ, ಮೋಹಿನಿ ಶಿಖರಗಳ ಫೋಟೋ ತೆಗೀತಾರೆ. ಕಾಲಬುಡದಲ್ಲಿ ಹರಿಯುವ ಹಳ್ಳದ ಕಡೆ ನೋಡುವವರು ಕಡಿಮೆ. ಆ ನೀರು ಇಳಿದು ಇಳಿದು ಅಘನಾಶಿನಿ ಸೇರುತ್ತದೆ, ಅಘನಾಶಿನಿ ತದಡಿಯ ಹತ್ತಿರ ಕಡಲಿಗೆ ಬೀಳುತ್ತದೆ. ನಾವೂ ಮರುದಿನ ಅದೇ ಕಡಲಿನ ಮುಂದೆ ಕೂತಿರುತ್ತೇವೆ. ಕತ್ತಲಾಗುತ್ತಿದ್ದಂತೆ ದೂರದಲ್ಲಿ ಸಾಲುದೀಪ ಕಾಣುತ್ತದೆ. ಹತ್ತಿರದವು ಮೀನುಗಾರರ ಬೋಟುಗಳು. ಅವುಗಳ ಆಚೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ದೊಡ್ಡ ಹಡಗುಗಳ ಹೆದ್ದಾರಿಯೇ ಇದೆ. ಆ ಹೆದ್ದಾರಿಯಲ್ಲಿ ಇನ್ನೊಂದು ಜೀವವೂ ಓಡಾಡುತ್ತದೆ. ಅದಕ್ಕೆ ದೀಪವಿಲ್ಲ, ಹಾರ್ನ್ ಇಲ್ಲ, ಆದರೂ ಹಡಗುಗಳಿಗಿಂತ ಎಷ್ಟೋ ಮೊದಲು ಈ ದಾರಿ ಹಿಡಿದದ್ದು ಅದೇ.

2017ರ ಕೊನೆಯಲ್ಲಿ ಓಮನ್ ದೇಶದ ಕಡಲಲ್ಲಿ ವಿಜ್ಞಾನಿಗಳು ಒಂದು ಹೆಣ್ಣು ಗೂನುಬೆನ್ನಿನ ತಿಮಿಂಗಿಲಕ್ಕೆ ಉಪಗ್ರಹದ ಟ್ಯಾಗ್ ಹಾಕಿದರು. ಅವಳ ಹೆಸರು ಲುಬಾನ್. ಅರಬ್ಬಿ ಭಾಷೆಯಲ್ಲಿ ಲುಬಾನ್ ಅಂದರೆ ಧೂಪದ ಅಂಟು, ನಮ್ಮ ಸಾಂಬ್ರಾಣಿಯ ದಾಯಾದಿ. ಓಮನ್ನಿನ ಸುತ್ತಮುತ್ತಲೇ ಇರಬಹುದು ಅಂದುಕೊಂಡಿದ್ದ ಲುಬಾನ್ ಎಲ್ಲರಿಗೂ ಆಶ್ಚರ್ಯ ಆಗುವ ಹಾಗೆ ಅರಬ್ಬೀ ಸಮುದ್ರವನ್ನೇ ದಾಟಿದಳು. ಗೋವಾದ ಎದುರಿಗೆ ಬಂದು, ಅಲ್ಲಿಂದ ತೆಂಕಣಕ್ಕೆ ತಿರುಗಿ, ಭಾರತದ ದಕ್ಷಿಣ ತುದಿಯ ಕಡೆ ಹೋದಳು. ಮ್ಯಾಪ್ ತೆಗೆದು ನೋಡಿ. ಗೋವಾದಿಂದ ತೆಂಕಣಕ್ಕೆ ಹೋಗಬೇಕಾದರೆ ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳಗಳ ಎದುರಿನ ಕಡಲನ್ನು ದಾಟಿಯೇ ಹೋಗಬೇಕು.

ಇತಿಹಾಸ ಓದಿದವರಿಗೆ ಈ ದಾರಿ ಹೊಸದಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಇದೇ ಅರಬ್ಬೀ ಸಮುದ್ರ ದಾಟಿ ಭಟ್ಕಳಕ್ಕೆ ಬರುತ್ತಿದ್ದವು. ಇಲ್ಲಿಂದ ಕಾಳುಮೆಣಸು, ಅಕ್ಕಿ ಆಚೆ ದಡಕ್ಕೆ ಹೋಗುತ್ತಿತ್ತು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಇಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆ ಅಂತ ಬರೆದಿಟ್ಟಿದ್ದಾನೆ. ಕಡಲ ವ್ಯಾಪಾರದಿಂದ ಊರು ಎಷ್ಟು ಬೆಳೆದಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆಮೇಲೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ನಮ್ಮ ಕರಾವಳಿಯ ಚರಿತ್ರೆ ಅಂದರೆ ಹೆಚ್ಚುಕಮ್ಮಿ ಹಡಗುಗಳ ಚರಿತ್ರೆ. ಆದ್ದರಿಂದ ಈ ಲೇಖನವನ್ನು ಹಡಗುಗಳ ವಿರುದ್ಧ ಬರೆದದ್ದು ಅಂದುಕೊಳ್ಳಬೇಡಿ. ಇಲ್ಲಿರುವ ತಕರಾರು ವೇಗದ ಬಗ್ಗೆ.

ಹಾಯಿಹಡಗು ಗಾಳಿಯ ಮರ್ಜಿಯಲ್ಲಿ ಬದುಕುತ್ತಿತ್ತು. ಮಳೆಗಾಲ ಶುರುವಾದರೆ ಓಡಾಟ ಬಂದ್, ದೋಣಿ ದಡಕ್ಕೆ. ಹಬೆಯ ಎಂಜಿನ್ ಬಂದ ಮೇಲೂ ನಮ್ಮ ಕರಾವಳಿಯಲ್ಲಿ ಹಾಯಿಯ ದರಬಾರು ತುಂಬಾ ಕಾಲ ನಡೀತು. ಅದರ ಕೊನೆಯ ದೊಡ್ಡ ವೈಭವ ಕಂಡ ಊರು ಕುಮಟಾ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಅವರ ಕಣ್ಣು ಧಾರವಾಡ, ಹುಬ್ಬಳ್ಳಿಯ ಕಪ್ಪುಮಣ್ಣಿನ ಮೇಲೆ ಬಿತ್ತು. ಅಲ್ಲಿನ ಹತ್ತಿ ಎತ್ತಿನಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬಂತು, ಕುಮಟಾದಿಂದ ಪತ್ತೇಮಾರಿಗಳಲ್ಲಿ ಮುಂಬೈಗೆ, ಮುಂಬೈಯಿಂದ ಲಿವರ್‌ಪೂಲಿಗೆ ಹೋಯಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈಗೆ ಸೇರಿಸಿದ್ದರ ಹಿಂದೆಯೂ ಕಾರವಾರದ ಬಂದರಿನ ಮೇಲೆ ಹತ್ತಿ ವ್ಯಾಪಾರಿಗಳಿಗಿದ್ದ ಆಸೆ ಇತ್ತು.

ಈ ವೈಭವ ಎಷ್ಟು ದಿನ ಬಾಳಿತು ಅಂತೀರಿ? 1880ರ ದಶಕದಲ್ಲಿ ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿದು ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು. ಹತ್ತಿ ರೈಲು ಹತ್ತಿತು, ಕುಮಟಾದ ಬಂದರು ಮಂಕಾಯಿತು. ಒಂದು ತಲೆಮಾರು ಕೂಡ ತುಂಬಲಿಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇಷ್ಟೆಲ್ಲ ವ್ಯಾಪಾರದ ಲೆಕ್ಕ ಬರೆದಿಟ್ಟವರು ತಿಮಿಂಗಿಲದ ಬಗ್ಗೆ ಏನು ಬರೆದರು? ತಿಮಿ ಅನ್ನುವ ದೊಡ್ಡ ಮೀನನ್ನೇ ನುಂಗುವಂಥದ್ದು ತಿಮಿಂಗಿಲ ಅಂತ ನಮ್ಮ ಹಿಂದಿನವರು ಹೆಸರಿಟ್ಟರು. ಮರಾಠಿಯವರು ದೇವಮಾಸಾ ಅಂದರು, ಅಂದರೆ ದೇವರ ಮೀನು. ಹೆಸರಲ್ಲಿ ಭಯ ಭಕ್ತಿ ಎರಡೂ ಇದೆ. ದಫ್ತರದಲ್ಲಿ ಮಾತ್ರ ಸತ್ತ ಮೇಲೆಯೇ ಅದಕ್ಕೆ ಜಾಗ. 1874ರಲ್ಲಿ ಮಂಗಳೂರಿನ ಹತ್ತಿರ ಸುಮಾರು 60 ಅಡಿಯ ಒಂದು ತಿಮಿಂಗಿಲ ದಡಕ್ಕೆ ಬಂದು ಬಿತ್ತು. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ಅದರ ಅಸ್ಥಿಪಂಜರ ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿಗೆ ಹೋಯಿತು. ಚೆನ್ನೈನ ಎಗ್ಮೋರಿಗೆ ಹೋದರೆ ನಮ್ಮ ಕಡಲಿನ ಆ ಜೀವವನ್ನು ಈಗಲೂ ನೋಡಬಹುದು.

ಇಪ್ಪತ್ತನೇ ಶತಮಾನದಲ್ಲಿ ತಿಮಿಂಗಿಲ ಬೇರೆ ಲೆಕ್ಕಕ್ಕೆ ಬಂತು. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಬೇಟೆ ಹಡಗುಗಳು ಅಂತಾರಾಷ್ಟ್ರೀಯ ನಿಯಮ ಗಾಳಿಗೆ ತೂರಿ ಅರಬ್ಬೀ ಸಮುದ್ರಕ್ಕೆ ನುಗ್ಗಿದವು. ಓಮನ್, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಕರಾವಳಿಗಳ ಎದುರು 240ರಷ್ಟು ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಹೆಚ್ಚಿನವು ಸತ್ತದ್ದು 1966ರ ನವೆಂಬರ್ ಒಂದೇ ತಿಂಗಳಲ್ಲಿ. ಈ ಸತ್ಯ ಹೊರಬಿದ್ದದ್ದು ಸೋವಿಯತ್ ಒಕ್ಕೂಟವೇ ಒಡೆದು ಹೋದ ಮೇಲೆ.

240 ಅಂದರೆ ದೊಡ್ಡ ಸಂಖ್ಯೆ ಅನ್ನಿಸದೇ ಇರಬಹುದು. ಆದರೆ ಈ ತಿಮಿಂಗಿಲಗಳ ಕತೆಯೇ ಬೇರೆ. ಬೇರೆ ಕಡಲಿನ ಗೂನುಬೆನ್ನಿನವು ಬೇಸಿಗೆಗೆ ಧ್ರುವದ ಕಡೆ, ಚಳಿಗಾಲಕ್ಕೆ ಬೆಚ್ಚಗಿನ ನೀರಿಗೆ ವಲಸೆ ಹೋಗುತ್ತವೆ. ನಮ್ಮವು ಹೋಗುವುದಿಲ್ಲ. ಅರಬ್ಬೀ ಸಮುದ್ರವೇ ಇವಕ್ಕೆ ತವರು, ಇಲ್ಲೇ ಊಟ, ಇಲ್ಲೇ ಹೆರಿಗೆ. ಸುಮಾರು 70,000 ವರ್ಷಗಳಿಂದ ಉಳಿದ ಬಳಗದಿಂದ ಬೇರೆಯಾಗಿಯೇ ಬದುಕಿವೆ ಅಂತ ಅವುಗಳ ವಂಶವಾಹಿ ಹೇಳುತ್ತದೆ. ಓಮನ್ ಕಡಲಲ್ಲಿ ನಡೆದ ಎಣಿಕೆಯಲ್ಲಿ ಸಿಕ್ಕ ಅಂದಾಜು ನೂರಕ್ಕಿಂತ ಕಡಿಮೆ. ನೀವಿರುವ ಅಪಾರ್ಟ್‌ಮೆಂಟಿನ ಒಂದು ಬ್ಲಾಕಿನಲ್ಲಿ ಇರುವ ಜನರಿಗಿಂತಲೂ ಕಡಿಮೆ ಇರಬಹುದು. ಅಂಥದ್ದರಲ್ಲಿ ಒಬ್ಬಳು ನಮ್ಮ ಲುಬಾನ್.

1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮ ಅಂತ ಘೋಷಿಸಿದರು. ಈಟಿ ಹೋಯಿತು, ಹಡಗು ಉಳಿಯಿತು. ಹಡಗು ದೊಡ್ಡದಾಯಿತು, ವೇಗ ಹೆಚ್ಚಿಸಿಕೊಂಡಿತು. ಈಟಿ ಹಿಡಿದವನಿಗೆ ಕೊಲ್ಲುವ ಉದ್ದೇಶ ಇತ್ತು. ಕಂಟೇನರ್ ಹಡಗಿನ ಕ್ಯಾಪ್ಟನ್ನಿಗೆ ಯಾವ ಉದ್ದೇಶವೂ ಇಲ್ಲ, ಎಷ್ಟೋ ಸಲ ಗುದ್ದಿದ್ದು ಕೂಡ ಗೊತ್ತಾಗುವುದಿಲ್ಲ. ಮುನ್ನೂರು ಮೀಟರ್ ಉದ್ದದ ಉಕ್ಕಿನ ಊರಿಗೆ ಒಂದು ತಿಮಿಂಗಿಲ ಏನು ಮಹಾ?

ಹಡಗು–ತಿಮಿಂಗಿಲ ಡಿಕ್ಕಿಯ ದಾಖಲೆಗಳನ್ನೆಲ್ಲ ಸೇರಿಸಿ ನೋಡಿದ ಸಂಶೋಧಕರಿಗೆ ಒಂದು ಸರಳ ಸಂಗತಿ ಕಂಡಿತು. ಸಾವು ಅಥವಾ ಭಾರೀ ಗಾಯ ಆದ ಹೆಚ್ಚಿನ ಪ್ರಕರಣಗಳಲ್ಲಿ ಹಡಗಿನ ಉದ್ದ 80 ಮೀಟರಿಗಿಂತ ಜಾಸ್ತಿ, ವೇಗ 14 ನಾಟ್ ಅಥವಾ ಅದಕ್ಕಿಂತ ಹೆಚ್ಚು. 2007ರ ಇನ್ನೊಂದು ಲೆಕ್ಕದ ಪ್ರಕಾರ 15 ನಾಟ್ ವೇಗದಲ್ಲಿ ಗುದ್ದಿದರೆ ತಿಮಿಂಗಿಲ ಸಾಯುವ ಸಂಭವ ಶೇಕಡಾ 80ರ ಹತ್ತಿರ. ಅದೇ ವೇಗ 8.6 ನಾಟಿಗೆ ಇಳಿದರೆ ಶೇಕಡಾ 20ರ ಹತ್ತಿರ. 15 ನಾಟ್ ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಸಿಲ್ಕ್ ಬೋರ್ಡ್ ದಾಟಿದ ಮೇಲೆ ನಿಮ್ಮ ಸ್ಕೂಟರ್ ಹೋಗುವಷ್ಟು. ನಮ್ಮ ಕಣ್ಣಿಗೆ ಅದು ವೇಗವೇ ಅಲ್ಲ, ಆದರೆ ಲಕ್ಷ ಟನ್ ತೂಕ ಆ ವೇಗದಲ್ಲಿ ಬರುವುದನ್ನು ಒಮ್ಮೆ ಊಹಿಸಿಕೊಳ್ಳಿ.

ಗುದ್ದುವುದೊಂದೇ ತೊಂದರೆಯಲ್ಲ. ತಿಮಿಂಗಿಲ ಕಿವಿಯಿಂದ ಬದುಕುವ ಪ್ರಾಣಿ. 2017ರಲ್ಲಿ ಗೋವಾದ ಗ್ರಾಂಡೆ ದ್ವೀಪದ ಹತ್ತಿರ ನೀರಿಗೆ ಇಳಿಸಿದ ಮೈಕಿನಲ್ಲಿ ಗೂನುಬೆನ್ನಿನ ತಿಮಿಂಗಿಲದ ಹಾಡು ಸಿಕ್ಕಿತು. ಲಕ್ಷದ್ವೀಪದ ಕವರಟ್ಟಿಯ ಹತ್ತಿರ ನೀಲಿ ತಿಮಿಂಗಿಲದ ಹಾಡು ದಾಖಲಾಯಿತು. ಅಂದರೆ ನಮ್ಮ ಬಡಗಣದಲ್ಲೂ ನೈಋತ್ಯದಲ್ಲೂ ಅವು ಹಾಡುತ್ತಿವೆ. ಹಡಗಿನ ಪ್ರೊಪೆಲ್ಲರಿನ ಗುಂಯ್‌ಗುಡುವಿಕೆಯೂ ಅದೇ ತಗ್ಗಿನ ಸ್ವರದಲ್ಲಿ, ಅದೇ ನೀರಿನಲ್ಲಿ ಹರಡುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಹಡಗುಗಳ ಓಡಾಟ ಕಡಿಮೆಯಾದಾಗ ಕೆನಡಾದ ಫಂಡಿ ಕೊಲ್ಲಿಯಲ್ಲಿ ಕಡಲು ಸ್ವಲ್ಪ ಮೌನವಾಯಿತು. ಅದೇ ಸಮಯದಲ್ಲಿ ಅಲ್ಲಿನ ತಿಮಿಂಗಿಲಗಳ ಮೈಯಲ್ಲಿ ಒತ್ತಡದ ಹಾರ್ಮೋನ್ ಕೂಡ ಇಳಿದಿತ್ತು. ಮನುಷ್ಯರು ಗಾಬರಿಯಲ್ಲಿದ್ದ ಆ ದಿನಗಳಲ್ಲಿ ತಿಮಿಂಗಿಲಗಳು ಮಾತ್ರ ನಿರಾಳವಾಗಿ ಉಸಿರಾಡಿದವು.

ಉಸಿರು ಅಂದಾಗ ನಮ್ಮ ಉಸಿರಿನ ವಿಷಯಕ್ಕೂ ಬರಬೇಕು. ದೊಡ್ಡ ಹಡಗು ಉರಿಸುವುದು ಬಂಕರ್ ಎಣ್ಣೆ. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್ಲು ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟು. ಡಾಂಬರಿನ ತಮ್ಮ ಅನ್ನಿ, ಬಿಸಿ ಮಾಡದಿದ್ದರೆ ಹರಿಯುವುದೂ ಇಲ್ಲ. 2020ರ ಏಪ್ರಿಲ್‌ನಲ್ಲಿ ನಮ್ಮ ಕಾರು ಬೈಕುಗಳಿಗೆಲ್ಲ ಬಿಎಸ್–6 ಬಂತು ನೆನಪಿದೆಯಲ್ಲ? ಆ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರುವಂತಿಲ್ಲ. 2019ರ ಕೊನೆಯವರೆಗೂ ಹಡಗಿನ ಎಣ್ಣೆಯಲ್ಲಿ 35,000 ಭಾಗದವರೆಗೆ ಇರಬಹುದಿತ್ತು. 2020ರ ಜನವರಿ 1ರಿಂದ ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಅದನ್ನು 5,000ಕ್ಕೆ ಇಳಿಸಿತು. ದೊಡ್ಡ ಸುಧಾರಣೆಯೇ, ಆದರೂ ನಮ್ಮ ಡೀಸೆಲ್ಲಿನ 500 ಪಟ್ಟು. ಹೊಗೆ ತೊಳೆಯುವ ಯಂತ್ರ ಕೂರಿಸಿಕೊಂಡ ಹಡಗುಗಳಿಗೆ ಹಳೇ ಎಣ್ಣೆಯನ್ನೇ ಉರಿಸಲು ಅನುಮತಿಯೂ ಇದೆ. ಅವುಗಳಲ್ಲಿ ಹಲವು ಆ ತೊಳೆದ ನೀರನ್ನು ಕಡಲಿಗೇ ಬಿಡುತ್ತವೆ.

ನಡುಗಡಲಿನ ಹೊಗೆ ನಮ್ಮನೆಗೆ ಹೇಗೆ ಬರುತ್ತೆ ಅಂತ ಕೇಳಬಹುದು. ಹಡಗುಗಳು ಬಿಡುವ ಹೊಗೆಯಲ್ಲಿ ಶೇಕಡಾ 70ರ ಹತ್ತಿರ ದಡದಿಂದ 400 ಕಿಲೋಮೀಟರ್ ಒಳಗೇ ಬಿಡುಗಡೆಯಾಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಡಗಿನ ಹೊಗೆಯ ಸೂಕ್ಷ್ಮ ಕಣಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60,000 ಜನ ಸಾಯುತ್ತಾರೆ, ಅದರಲ್ಲಿ ಹೆಚ್ಚಿನವರು ಯುರೋಪ್, ಪೂರ್ವ ಏಷ್ಯಾ ಮತ್ತು ದಕ್ಷಿಣ ಏಷ್ಯಾದ ಕರಾವಳಿಯವರು ಅಂತ ಅಂದಾಜು ಮಾಡಿತು.

ಹೊಗೆ ಕಣ್ಣಿಗೆ ಕಾಣದಿದ್ದರೂ ಆ ಎಣ್ಣೆಯನ್ನು ಕಾರವಾರದವರು ಕಣ್ಣಾರೆ ಕಂಡಿದ್ದಾರೆ. 2006ರ ಮೇ ಕೊನೆಯಲ್ಲಿ, ಮುಂಗಾರಿನ ಅಬ್ಬರದಲ್ಲಿ, ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ಎದುರಿನ ಆಯ್‌ಸ್ಟರ್ ರಾಕ್ ಬಂಡೆಗಳಿಗೆ ಸಿಕ್ಕಿಕೊಂಡು ಒಡೆಯಿತು. ಅದರ ಹೊಟ್ಟೆಯಲ್ಲಿದ್ದ ನೂರಾರು ಟನ್ ಬಂಕರ್ ಎಣ್ಣೆ ಕಾರವಾರದ ದಡಕ್ಕೂ, ಆಚೆ ದಕ್ಷಿಣ ಗೋವಾದ ದಡಕ್ಕೂ ಬಂದು ಮೆತ್ತಿಕೊಂಡಿತು. ಹಡಗುಗಳನ್ನು ಕಾಯಲೆಂದೇ ಬ್ರಿಟಿಷರು 1860ರ ದಶಕದಲ್ಲಿ ದೀಪಸ್ತಂಭ ಕಟ್ಟಿದ್ದು ಅದೇ ಬಂಡೆಗಳ ದ್ವೀಪದಲ್ಲಿ. ಆ ದಿನ ಮರಳಿಗೆ ಅಂಟಿದ ಕಪ್ಪು ರಾಡಿಯನ್ನೇ ಉಳಿದ ಹಡಗುಗಳು ದಿನಾ ಕೊಳವೆಯಲ್ಲಿ ಹೊಗೆ ಮಾಡಿ ಬಿಡುತ್ತವೆ. ವ್ಯತ್ಯಾಸ ಅಷ್ಟೇ.

ಅದೇ ವರ್ಷಗಳಲ್ಲಿ ಪಕ್ಕದ ಅಂಕೋಲಾ ತಾಲೂಕಿನ ಬೇಲೆಕೇರಿ ಇನ್ನೊಂದು ಪಾಠ ಕಲಿಸಿತು. ಚೀನಾದ ಕಬ್ಬಿಣದ ಹಸಿವಿಗೆ ಬಳ್ಳಾರಿಯ ಅದಿರು ಲಾರಿಗಳಲ್ಲಿ ಘಟ್ಟ ಇಳಿದು ಬಂತು, ಹಿಂದೆ ಹತ್ತಿ ಬಂದ ಹಾಗೆ. ರಸ್ತೆಯ ಮರ, ಮನೆ, ಒಣಗಲು ಹಾಕಿದ ಬಟ್ಟೆ ಎಲ್ಲ ಕೆಂಪು. 2010ರ ಮಾರ್ಚ್‌ನಲ್ಲಿ ಬೇಲೆಕೇರಿಯಲ್ಲಿ ವಶಪಡಿಸಿಕೊಂಡ ಅದಿರಿನಲ್ಲಿ ದೊಡ್ಡ ಪಾಲು ಸದ್ದಿಲ್ಲದೆ ಹಡಗು ಹತ್ತಿ ಹೋಯಿತು. 2011ರ ಲೋಕಾಯುಕ್ತ ವರದಿ ಆ ಅಕ್ರಮದ ಒಳಸುಳಿ ಬಿಚ್ಚಿಟ್ಟಿತು. ಕೋರ್ಟಿನಲ್ಲಿ ಅದಿರಿನ ಬೆಲೆಗೆ ಲೆಕ್ಕ ಕೇಳಿದರು. ದಾರಿಯುದ್ದಕ್ಕೂ ಜನ ಕುಡಿದ ಧೂಳಿಗೆ ಲೆಕ್ಕ ಕೇಳಿದವರು ಯಾರು?

ಸರಿ, ಹಾಗಾದರೆ ಪರಿಹಾರ ಏನು? ಇಲ್ಲಿ ಕರಾವಳಿ ಬಿಟ್ಟು ಸ್ವಲ್ಪ ದೂರ, ಕ್ಯಾಲಿಫೋರ್ನಿಯಾಕ್ಕೆ ಹೋಗಿಬರೋಣ. ಅಲ್ಲಿನ ಸಾಂತಾ ಬಾರ್ಬರಾ ಕಾಲುವೆಯಲ್ಲಿ ನೀಲಿ ತಿಮಿಂಗಿಲಗಳೂ ಇವೆ, ಲಾಸ್ ಏಂಜಲೀಸ್ ಕಡೆಗೆ ಹೋಗುವ ಹಡಗುಗಳೂ ಇವೆ. 2007ರಲ್ಲಿ ಕೆಲವೇ ವಾರಗಳಲ್ಲಿ ಕನಿಷ್ಠ 4 ನೀಲಿ ತಿಮಿಂಗಿಲಗಳು ಹಡಗಿನ ಏಟಿಗೆ ಸತ್ತವು. ಇತ್ತ ಅದೇ ಊರಿನ ವಾಯುಮಾಲಿನ್ಯ ಇಲಾಖೆಗೆ ಹಡಗಿನ ಹೊಗೆಯದ್ದೇ ತಲೆನೋವು. ತಿಮಿಂಗಿಲದವರೂ ಗಾಳಿಯವರೂ ಕೂತು ಮಾತಾಡಿದಾಗ ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಔಷಧಿ: ಹಡಗು ನಿಧಾನ ಮಾಡಿ. 2014ರಲ್ಲಿ ಪ್ರಯೋಗ ಶುರುವಾಯಿತು. 12 ನಾಟ್ ಅಥವಾ ಅದಕ್ಕೂ ಕಡಿಮೆ ವೇಗದಲ್ಲಿ ಕಾಲುವೆ ದಾಟಿದ ಹಡಗಿಗೆ ಒಂದು ಸಲಕ್ಕೆ 2,500 ಡಾಲರ್ ಪ್ರೋತ್ಸಾಹಧನ. ಆಮೇಲೆ ಗುರಿ 10 ನಾಟಿಗೆ ಇಳಿಯಿತು, ಹೆಚ್ಚು ಹೆಚ್ಚು ಕಂಪನಿಗಳು ಸೇರಿಕೊಂಡವು. ಅಮೆರಿಕದ ಪೂರ್ವ ಕರಾವಳಿಯಲ್ಲಂತೂ 2008ರಿಂದಲೇ, ನಿಗದಿಯಾದ ಜಾಗ ಮತ್ತು ಋತುಗಳಲ್ಲಿ, 65 ಅಡಿಗಿಂತ ಉದ್ದದ ಹಡಗುಗಳಿಗೆ 10 ನಾಟ್ ಮಿತಿ ಕಾನೂನಾಗಿಯೇ ಇದೆ.

ನಿಧಾನಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು? ನೀರು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇಕಡಾ 20 ಇಳಿಸಿದರೆ ಮುಖ್ಯ ಎಂಜಿನ್ ಗಂಟೆಗೆ ಉರಿಸುವ ಇಂಧನ ಹೆಚ್ಚುಕಮ್ಮಿ ಅರ್ಧ. ಪ್ರಯಾಣಕ್ಕೆ ಹೆಚ್ಚು ಗಂಟೆ ಹಿಡಿಯುತ್ತೆ ನಿಜ. ಅದನ್ನೂ ಲೆಕ್ಕ ಹಾಕಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿತಾಯ. ಹೊಗೆ ಕಡಿಮೆ, ಸದ್ದು ಕಡಿಮೆ, ಸಾವು ಕಡಿಮೆ, ಖರ್ಚೂ ಕಡಿಮೆ. ವ್ಯಾಪಾರಕ್ಕೆ ಹೊಡೆತ ಬೀಳುತ್ತೆ ಅನ್ನುವವರು 2008ರ ಆರ್ಥಿಕ ಕುಸಿತ ನೆನಪಿಸಿಕೊಳ್ಳಲಿ. ಎಣ್ಣೆಯ ದುಡ್ಡು ಉಳಿಸಲು ಕಂಟೇನರ್ ಕಂಪನಿಗಳು ಆಗ ತಾವಾಗಿಯೇ ವೇಗ ಇಳಿಸಿದ್ದವು. ಲಾಭಕ್ಕೋಸ್ಕರ ಆಗಿದ್ದು ಜೀವಕ್ಕೋಸ್ಕರ ಯಾಕೆ ಆಗಬಾರದು?

ದಾರಿ ಬದಲಿಸುವುದು ಇನ್ನೊಂದು ಉಪಾಯ. ಶ್ರೀಲಂಕಾದ ದಕ್ಷಿಣಕ್ಕೆ ನೀಲಿ ತಿಮಿಂಗಿಲಗಳು ಮೇಯುವ ಜಾಗದ ಮೇಲೇ ಹಡಗುಗಳ ಹೆದ್ದಾರಿ ಇದೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಕಂಪನಿ ತನ್ನ ಹಡಗುಗಳನ್ನು ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿತು. ನಮ್ಮ ಪಕ್ಕದ ಮನೆಯಲ್ಲೇ ನಡೆದ ಮಾತಿದು.

ಈಗ ವಾಪಸ್ ಹೊನ್ನಾವರಕ್ಕೆ. 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಮುಗಳಿಯ ದಡಕ್ಕೆ ಒಂದು ದೊಡ್ಡ ತಿಮಿಂಗಿಲದ ಕಳೇಬರ ತೇಲಿಬಂತು. ಹೀಗೆ ಬರುವ ಕಳೇಬರ ಎಷ್ಟೋ ಸಲ ಕೊಳೆತಿರುತ್ತದೆ. ಬಲೆಗೆ ಸಿಕ್ಕು ಸತ್ತಿತೋ, ರೋಗವೋ, ಹಡಗಿನ ಏಟೋ ಅಂತ ಹೇಳುವುದು ಕಷ್ಟ. ನಡುಗಡಲಿನಲ್ಲಿ ಸತ್ತವುಗಳಲ್ಲಿ ಹೆಚ್ಚಿನವು ದಡಕ್ಕೇ ಬರುವುದಿಲ್ಲ, ಮುಳುಗಿ ಹೋಗುತ್ತವೆ. ಹಾಗಾಗಿ ದಡದ ಹೆಣ ಎಣಿಸಿ ಕಡಲಿನ ಲೆಕ್ಕ ಮುಗಿಸಲು ಆಗುವುದಿಲ್ಲ. ಒಂದು ಒಳ್ಳೆಯ ಸಂಗತಿಯೂ ಇದೆ. ಅದೇ ಅಪ್ಸರಕೊಂಡ–ಮುಗಳಿಯ ಕಡಲು ರಾಜ್ಯದ ಮೊದಲ ಕಡಲ ಅಭಯಾರಣ್ಯವಾಗಿದೆ. ಯಾಣದ ಹಳ್ಳದ ನೀರು ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ.

ಅದೇ ಹೊತ್ತಿಗೆ ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಹೊಸ ಬಂದರುಗಳ ಯೋಜನೆಯೂ ಇದೆ, ಅದರ ವಿರುದ್ಧ ಮೀನುಗಾರರ ಹೋರಾಟವೂ ಇದೆ. ಬಂದರು ಬೇಕೋ ಬೇಡವೋ ಅನ್ನುವ ಜಗಳ ಅಲ್ಲಿನವರದ್ದು, ಅವರೇ ತೀರ್ಮಾನಿಸಬೇಕು. ಆದರೆ ಯಾವ ಬಂದರೇ ಬರಲಿ, ಅದರ ಕಾಗದಪತ್ರದಲ್ಲಿ ಮೂರು ಸಾಲು ಇರಲೇಬೇಕು ಅಂತ ಕೇಳುವ ಹಕ್ಕು ನಮಗೆಲ್ಲರಿಗೂ ಇದೆ. ದಡದ ಹತ್ತಿರ ಹಡಗಿನ ವೇಗ ಎಷ್ಟು? ಅದು ಬರುವ ದಾರಿ ಯಾವುದು? ಬಂದರಿನಲ್ಲಿ ನಿಂತಾಗ ಎಂಜಿನ್ ಆರಿಸಿ ದಡದ ಕರೆಂಟು ತೆಗೆದುಕೊಳ್ಳುತ್ತದೋ ಇಲ್ಲವೋ? ಕೇಂದ್ರ ಸರ್ಕಾರ 2023ರಲ್ಲಿ ತಂದ ಹರಿತ್ ಸಾಗರ್ ಮಾರ್ಗಸೂಚಿ ಈ ಕರೆಂಟಿನ ಮಾತನ್ನು ಆಡಿದೆ. ಅದು ಬರೀ ಮಾರ್ಗಸೂಚಿಯಾಗಿಯೇ ಉಳಿಯಬಾರದು ಅಷ್ಟೇ.

ಇದೇನೂ ಈ ಕರಾವಳಿಗೆ ಹೊಸ ಶಿಸ್ತಲ್ಲ. ಮೀನು ಮರಿಯಿಡುವ ಕಾಲ ಅಂತ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಲ್ಲಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ದುಡಿಮೆ ಬಿಟ್ಟು ಕೂರುವ ಮೀನುಗಾರನಿಗೆ ಹೇಳಬಹುದಾದ್ದನ್ನು, ಮುನ್ನೂರು ಮೀಟರಿನ ಹಡಗಿಗೆ 'ಸ್ವಲ್ಪ ನಿಧಾನ ಮಾರಾಯಾ' ಅಂತ ಹೇಳೋಕೆ ನಮಗೇನು ಹಿಂಜರಿಕೆ?

ಕುಮಟಾದ ಹತ್ತಿಯ ವಿಷಯ ನೆನಪಿಟ್ಟುಕೊಳ್ಳಿ ಅಂದಿದ್ದೆ. ಆ ಬಂದರಿನ ಭಾಗ್ಯ ಒಂದು ತಲೆಮಾರಿಗೆ ಮುಗಿಯಿತು. ಬೇಲೆಕೇರಿಯ ಅದಿರಿನ ಭಾಗ್ಯ ಹತ್ತು ವರ್ಷವೂ ಬಾಳಲಿಲ್ಲ. ವ್ಯಾಪಾರ ಬರುತ್ತೆ, ದಾರಿ ಬದಲಿಸುತ್ತೆ, ಹೋಗುತ್ತೆ. 70,000 ವರ್ಷದಿಂದ ದಾರಿ ಬದಲಿಸದೆ ಇಲ್ಲೇ ಉಳಿದದ್ದು ಲುಬಾನಳ ಬಳಗ. ಅದನ್ನು ಒಂದು ತಲೆಮಾರಿನ ಅವಸರಕ್ಕೆ ಕಳೆದುಕೊಂಡರೆ ಮತ್ತೆ ತರಲು ಯಾವ ರೈಲೂ ಇಲ್ಲ.

ಮುಂದಿನ ಸಲ ಯಾಣ ನೋಡಿ ಕುಮಟಾಕ್ಕೆ ಹೋದಾಗ, ವಾಪಸ್ ಬರುವಾಗ ದೇವಿಮನೆ ಘಟ್ಟದ ದಾರಿ ಹಿಡಿಯಿರಿ. ಹತ್ತಿಯ ಕಾಲದಲ್ಲಿ ಗಾಡಿಗಳು ಇಳಿದು ಬರುತ್ತಿದ್ದ ಘಟ್ಟಗಳ ಸಾಲು ಇದು. ಇಂಥ ತಿರುವುಗಳಲ್ಲಿ ನಿಧಾನವಾಗಿ ಚಲಿಸಿ ಅಂತ ಬೋರ್ಡು ಹಾಕಲು ನಮಗೆ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ. ಆಚೆಯಿಂದ ಯಾರೋ ಬರುತ್ತಿರಬಹುದು ಅನ್ನುವ ಒಂದು ಎಚ್ಚರ ಸಾಕಾಯಿತು. ಕಡಲಲ್ಲೂ ಆಚೆಯಿಂದ ಯಾರೋ ಬರುತ್ತಿದ್ದಾರೆ.